ಬಹುಪದರ ಬಿಂಬ ಮತ್ತು ಹಸ್ತಪ್ರತಿಯ ಪಾಠನಿರ್ಣಯ

1

ಗ್ರಂಥಸಂಪಾದನೆಯಲ್ಲಿ ತೊಡಗಿದ ವಿದ್ವಾಂಸರ ಮುಂದೆ ಇಂದು ಓಲೆಗರಿ ಇರುವುದಕ್ಕಿಂತ ಓಲೆಗರಿಯ ಚಿತ್ರವಿರುವುದೇ ಹೆಚ್ಚು. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಮೇಲೆ ಹಸ್ತಪ್ರತಿಗಳ ಗಣಕೀಕರಣಕ್ಕೆ ದೇಶದಾದ್ಯಂತ ಒತ್ತು ದೊರೆಯಿತು. ಮುಟ್ಟಿದರೆ ಮುರಿಯುವ ಗರಿಗಳ ದೃಷ್ಟಿಯಿಂದ ಇದು ಸ್ವಾಗತಾರ್ಹವೇ. ಆದರೆ ಇದರೊಂದಿಗೆ, ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯಂತಹ ಕೃತಿಗಳು ರೂಪುಗೊಂಡ ಕಾಲದಲ್ಲಿ ಎದುರಾಗದಿದ್ದ ಪ್ರಶ್ನೆಯೊಂದು ಹುಟ್ಟಿಕೊಂಡಿದೆ. ಚಿತ್ರವನ್ನು ನೋಡಿ ಪಾಠವನ್ನು ನಿರ್ಣಯಿಸಿದಾಗ ಆ ನಿರ್ಣಯಕ್ಕೆ ಆಧಾರವಾದುದು ಗರಿಯೇ, ಅಥವಾ ಗರಿಗೂ ಕಣ್ಣಿಗೂ ನಡುವೆ ನಡೆದ ಲೆಕ್ಕಾಚಾರವೇ?

ಪ್ರಶ್ನೆ ಕೇವಲ ತಾತ್ತ್ವಿಕವಾದುದಲ್ಲ. ಹಳಗನ್ನಡದಲ್ಲಿ ‘ಅರಸನ’ ಎಂಬುದು ಷಷ್ಠೀ, ‘ಅರಸನಂ’ ಎಂಬುದು ದ್ವಿತೀಯಾ. ಎರಡರ ನಡುವಿನ ಅಂತರ ಗರಿಯ ಮೇಲೆ ಒಂದು ಸಣ್ಣ ಸೊನ್ನೆ ಮಾತ್ರ. ಆ ಸೊನ್ನೆಯಿಂದ ವಿಭಕ್ತಿ ಬದಲಾಗುತ್ತದೆ, ಲಘು ಗುರುವಾಗಿ ಛಂದಸ್ಸೂ ಬದಲಾಗುತ್ತದೆ. ಹುಳು ಕೊರೆದ ರಂಧ್ರವೂ ಹೆಚ್ಚುಕಡಿಮೆ ಸೊನ್ನೆಯ ಗಾತ್ರದ್ದೇ. ಪ್ರತಿಯನ್ನು ಕೈಯಲ್ಲಿ ಹಿಡಿದವರು ಗರಿಯನ್ನು ಬೆಳಕಿಗೆ ಎತ್ತಿ ನೋಡಿ ಇದು ರಂಧ್ರ, ಇದು ಬಿಂದು ಎಂದು ಹೇಳಬಲ್ಲರು. ಚಿತ್ರವನ್ನು ಮಾತ್ರ ನೋಡುವವರಿಗೆ ಆ ಸೌಕರ್ಯವಿಲ್ಲ. ಜೊತೆಗೆ ಮೂರನೆಯ ಸಾಧ್ಯತೆಯೊಂದೂ ಸೇರಿಕೊಳ್ಳುತ್ತದೆ: ಗರಿಯಲ್ಲಿ ಬಿಂದುವೂ ಇಲ್ಲದೆ ರಂಧ್ರವೂ ಇಲ್ಲದೆ, ಗಣಕದ ಕ್ರಿಯೆಯಿಂದಲೇ ಹುಟ್ಟಿದ ಚುಕ್ಕೆ. ಇಂತಹ ಚುಕ್ಕೆ ಹೇಗೆ ಹುಟ್ಟುತ್ತದೆ, ಇದ್ದ ಗೆರೆ ಹೇಗೆ ಅಳಿಯುತ್ತದೆ ಎಂಬುದನ್ನು ಬಹುಪದರ ಬಿಂಬಗಳ ಸಂಸ್ಕರಣೆಯನ್ನು ಹಿಡಿದು ಸಂಪಾದಕನ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪರಿಭಾಷೆಯ ಬಗ್ಗೆ ಒಂದು ಮಾತು ಅಗತ್ಯ. ಗಣಕಲೋಕದಲ್ಲಿ ‘ಲೈಬ್ರರಿ’ ಎಂದರೆ ಪುಸ್ತಕಗಳ ಕೋಣೆಯಲ್ಲ. ಬೇರೆಯವರು ಬರೆದಿಟ್ಟ, ಯಾರು ಬೇಕಾದರೂ ತಮ್ಮ ಕೆಲಸಕ್ಕೆ ಕರೆದುಕೊಳ್ಳಬಹುದಾದ ಸಿದ್ಧ ಕ್ರಮವಿಧಿಗಳ ಸಂಗ್ರಹ. ಬಿಂಬ ಸಂಸ್ಕರಣೆಗೆ ಇಂತಹ ಸಂಗ್ರಹಗಳು ಹಲವಿವೆ. ಇಂಟೆಲ್ ಸಂಸ್ಥೆಯಲ್ಲಿ 1999ರಲ್ಲಿ ಆರಂಭವಾದ ಓಪನ್‌ಸಿವಿ ಅವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು. ಪೈಥಾನ್ ಭಾಷೆಯಲ್ಲಿ ಅದನ್ನು ಬಳಸುವವರು ಸಂಖ್ಯೆಗಳ ಕೋಷ್ಟಕಗಳನ್ನು ನಿರ್ವಹಿಸುವ ನಂಪೈ ಎಂಬ ಇನ್ನೊಂದು ಸಂಗ್ರಹವನ್ನೂ ಜೊತೆಗೆ ಬಳಸುತ್ತಾರೆ. ‘ಚಾನೆಲ್’ ಎಂಬುದಕ್ಕೆ ಕನ್ನಡದಲ್ಲಿ ‘ವಾಹಿನಿ’ ಎಂಬ ಪದ ದೂರದರ್ಶನದಿಂದಾಗಿ ರೂಢಿಗೆ ಬಂದಿದೆ. ಆದರೆ ಬಿಂಬದಲ್ಲಿ ಹರಿಯುವುದೇನೂ ಇಲ್ಲ. ಒಂದೇ ದೃಶ್ಯವನ್ನು ಬೇರೆ ಬೇರೆ ಬೆಳಕಿನಲ್ಲಿ ಅಳೆದ ಹಾಳೆಗಳು ಕಟ್ಟಿನ ಗರಿಗಳಂತೆ ಒಂದರ ಮೇಲೊಂದು ಕುಳಿತಿರುತ್ತವೆ. ಆದುದರಿಂದ ಇಲ್ಲಿ ‘ಪದರ’ ಎಂಬ ಪದವನ್ನೇ ಬಳಸಲಾಗಿದೆ.

2

ಗಣಕದ ಪಾಲಿಗೆ ಬಿಂಬವೆಂದರೆ ಸಂಖ್ಯೆಗಳ ಕೋಷ್ಟಕ. ಕೋಷ್ಟಕದ ಒಂದೊಂದು ಮನೆಯೂ ಒಂದು ಪಿಕ್ಸೆಲ್. ಕಪ್ಪುಬಿಳುಪು ಬಿಂಬದಲ್ಲಿ ಆ ಮನೆಯಲ್ಲಿ ಒಂದೇ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಅದು 0ಯಿಂದ 255ರವರೆಗಿನ ಪೂರ್ಣಾಂಕ. 0 ಎಂದರೆ ಕಪ್ಪು, 255 ಎಂದರೆ ಬಿಳುಪು. ಬಣ್ಣದ ಬಿಂಬದಲ್ಲಿ ಪ್ರತಿ ಮನೆಯಲ್ಲೂ ಮೂರು ಸಂಖ್ಯೆಗಳಿರುತ್ತವೆ: ಕೆಂಪು, ಹಸಿರು, ನೀಲಿ. ಮೂರು ಎಂಬ ಸಂಖ್ಯೆ ಮನುಷ್ಯನ ಕಣ್ಣಿನ ರಚನೆಯಿಂದ ಬಂದುದೇ ಹೊರತು ವಸ್ತುವಿನ ಸ್ವಭಾವದಿಂದ ಬಂದುದಲ್ಲ. ಬೆಳಕಿನ ತರಂಗಾಂತರಗಳನ್ನು ಇನ್ನೂ ಸೂಕ್ಷ್ಮವಾಗಿ ವಿಭಾಗಿಸಿ, ಕಣ್ಣಿಗೆ ಕಾಣದ ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನೂ ಸೇರಿಸಿಕೊಂಡು ಹನ್ನೆರಡೋ ಮೂವತ್ತೋ ಪದರಗಳ ಬಿಂಬವನ್ನು ಪಡೆಯಲು ಅಡ್ಡಿಯಿಲ್ಲ. ಆಗ ಒಂದು ಪಿಕ್ಸೆಲ್ ಎಂದರೆ ಒಂದು ಬಣ್ಣವಲ್ಲ. ಗರಿಯ ಒಂದು ಬಿಂದುವಿನ ಬಗ್ಗೆ ಹಲವು ಸಾಕ್ಷಿಗಳು ನುಡಿದ ಹೇಳಿಕೆಗಳ ಸಾಲು.

ಹೀಗೆ ಹಲವು ಸಾಕ್ಷಿಗಳನ್ನು ಕರೆಯುವುದರಿಂದ ಆಗುವ ಲಾಭಕ್ಕೆ ಪ್ರಸಿದ್ಧ ನಿದರ್ಶನ ಆರ್ಕಿಮಿಡೀಸ್ ಪ್ಯಾಲಿಂಪ್ಸೆಸ್ಟ್. ಆರ್ಕಿಮಿಡೀಸನ ಕೃತಿಗಳನ್ನು 10ನೆಯ ಶತಮಾನದಲ್ಲಿ ಚರ್ಮಪತ್ರದ ಮೇಲೆ ನಕಲು ಮಾಡಲಾಗಿತ್ತು. 13ನೆಯ ಶತಮಾನದಲ್ಲಿ, 1229ರ ಹೊತ್ತಿಗೆ, ಆ ಬರಹವನ್ನು ಕೆರೆದು, ಹಾಳೆಗಳನ್ನು ತಿರುಗಿಸಿ, ಅದರ ಮೇಲೆ ಕ್ರೈಸ್ತ ಪ್ರಾರ್ಥನೆಗಳನ್ನು ಬರೆಯಲಾಯಿತು. 1906ರಲ್ಲಿ ಡೇನಿಶ್ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಅದನ್ನು ಕಂಡು ಅಡಿಯ ಬರಹವನ್ನು ತನ್ನ ಕಣ್ಣಿಗೆ ಎಟುಕಿದಷ್ಟು ಓದಿದ. 1998ರಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಮಾರಾಟವಾದ ಈ ಪ್ರತಿ ಅಧ್ಯಯನಕ್ಕಾಗಿ ಬಾಲ್ಟಿಮೋರ್‌ನ ವಾಲ್ಟರ್ಸ್ ಕಲಾ ಸಂಗ್ರಹಾಲಯಕ್ಕೆ ಬಂದಿತು. ರೋಜರ್ ಈಸ್ಟನ್, ಕೀತ್ ನಾಕ್ಸ್, ವಿಲಿಯಂ ಕ್ರಿಸ್ಟೆನ್ಸ್-ಬ್ಯಾರಿ ಎಂಬ ಮೂವರು ವಿಜ್ಞಾನಿಗಳು ಅದರ ಬಿಂಬಗಳನ್ನು ತೆಗೆದರು.

ನಾಕ್ಸ್ ಅನುಸರಿಸಿದ ವಿಧಾನ ಸರಳವಾದುದು. ಆದುದರಿಂದಲೇ ಅದು ಅಧ್ಯಯನಯೋಗ್ಯ. ಸಾಮಾನ್ಯ ದೀಪದ ಬೆಳಕಿನಲ್ಲಿ ತೆಗೆದ ಚಿತ್ರದ ಕೆಂಪು ಪದರದಲ್ಲಿ ಅಡಿಯ ಬರಹ ಬಹುಮಟ್ಟಿಗೆ ಮಾಯವಾಗಿ ಪ್ರಾರ್ಥನೆಯ ಬರಹ ಮಾತ್ರ ಉಳಿಯುತ್ತದೆ. ನೇರಳಾತೀತ ಕಿರಣ ಹಾಯಿಸಿ ತೆಗೆದ ಚಿತ್ರದ ನೀಲಿ ಪದರದಲ್ಲಿ ಎರಡು ಬರಹಗಳೂ ಕಪ್ಪಾಗಿ ಕಾಣುತ್ತವೆ. ಹೊಸದೊಂದು ಬಿಂಬದ ಕೆಂಪು ಸ್ಥಾನದಲ್ಲಿ ಮೊದಲನೆಯ ಪದರವನ್ನೂ, ಹಸಿರು ಮತ್ತು ನೀಲಿ ಸ್ಥಾನಗಳೆರಡರಲ್ಲೂ ಎರಡನೆಯ ಪದರವನ್ನೂ ಇಟ್ಟರೆ ಏನಾಗುತ್ತದೆಂಬುದನ್ನು ಉದಾಹರಣೆಗಾಗಿ ಕಲ್ಪಿಸಿದ ಸಂಖ್ಯೆಗಳಿಂದ ಕಾಣಬಹುದು. ಖಾಲಿ ಚರ್ಮಪತ್ರ ಮೊದಲ ಪದರದಲ್ಲಿ 220, ಎರಡನೆಯದರಲ್ಲಿ 200 ಇದ್ದರೆ ಹೊಸ ಪಿಕ್ಸೆಲ್ (220, 200, 200) ಆಗಿ ಬಿಳಿಯಂತೆ ಕಾಣುತ್ತದೆ. ಪ್ರಾರ್ಥನೆಯ ಶಾಯಿ 50 ಮತ್ತು 40 ಆಗಿದ್ದರೆ (50, 40, 40) ಎಂದಾಗಿ ಕಪ್ಪಾಗಿ ಉಳಿಯುತ್ತದೆ. ಆರ್ಕಿಮಿಡೀಸನ ಬರಹ 190 ಮತ್ತು 90 ಆಗಿದ್ದರೆ (190, 90, 90) ಎಂದಾಗಿ ಕೆಂಪಾಗಿ ಎದ್ದು ಕಾಣುತ್ತದೆ. ಇದರಿಂದ ಓದುಗನಿಗೆ ಯಾವುದು ಮೇಲಿನದು, ಯಾವುದು ಅಡಿಯದು ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ಮೇಲಿನ ಬರಹವನ್ನು ಪೂರ್ತಿ ಅಳಿಸಿಬಿಡುವ ಪ್ರಯತ್ನಕ್ಕಿಂತ ಇದು ವಿದ್ವಾಂಸರಿಗೆ ಹೆಚ್ಚು ಒಪ್ಪಿಗೆಯಾಯಿತು. ಅಳಿಸಿದಲ್ಲಿ ಅಡಿಯ ಅಕ್ಷರವೇ ಮುರಿದಿದೆಯೋ, ಮೇಲಿನ ಅಕ್ಷರ ಅದನ್ನು ಮುಚ್ಚಿದೆಯೋ ಎಂಬ ಭೇದ ತಿಳಿಯದು. ಸಂಪಾದಕನಿಗೆ ಬೇಕಾದುದು ಆ ಭೇದವೇ.

ಇಲ್ಲಿ ಗಮನಿಸಬೇಕಾದುದೆಂದರೆ, ಆ ಕೆಂಪು ಶಾಯಿಯ ಕೆಂಪಲ್ಲ. ಅದು ಎರಡು ಅಳತೆಗಳ ವ್ಯತ್ಯಾಸಕ್ಕೆ ಕೊಟ್ಟ ಸಂಕೇತ. ಇಂತಹ ಬಿಂಬವನ್ನಷ್ಟೇ ನೋಡಿ ಪ್ರತಿಯ ವರ್ಣನೆಯಲ್ಲಿ ‘ಕೆಂಪು ಶಾಯಿಯಲ್ಲಿ ಬರೆದಿದೆ’ ಎಂದು ದಾಖಲಿಸಿದರೆ ಅದು ಪ್ರತಿಯ ವರ್ಣನೆಯಾಗದೆ ಕ್ರಮವಿಧಿಯ ವರ್ಣನೆಯಾಗುತ್ತದೆ.

3

ಇದೇ ಈಸ್ಟನ್ ಮತ್ತು ನಾಕ್ಸ್ ಕರ್ನಾಟಕಕ್ಕೂ ಬಂದರು. ಅಮೆರಿಕದ ರಾಚೆಸ್ಟರ್ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಪಿ.ಆರ್. ಮುಕುಂದ್ ಅವರ ಮುಂದಾಳುತನದಲ್ಲಿ ಒಂದು ತಂಡ 2005ರ ಡಿಸೆಂಬರ್‌ನಲ್ಲಿ ಪ್ರತಿಯನ್ನು ಪರಿಶೀಲಿಸಿ, 2006ರಲ್ಲಿ ಉಡುಪಿಯ ಮಠದಲ್ಲಿದ್ದ ಮಧ್ವಾಚಾರ್ಯರ ಸರ್ವಮೂಲ ಗ್ರಂಥಗಳ ಓಲೆಪ್ರತಿಯನ್ನು ಬಿಂಬೀಕರಿಸಿತು. 36 ಕೃತಿಗಳನ್ನೊಳಗೊಂಡ ಆ ಪ್ರತಿಯಲ್ಲಿ ಸುಮಾರು 340 ಗರಿಗಳು. ಒಂದೊಂದು ಗರಿಯೂ 26 ಅಂಗುಲ ಉದ್ದ, 2 ಅಂಗುಲ ಅಗಲ. ಕಾಲದಿಂದಲೂ, ರಕ್ಷಣೆಯ ಹೆಸರಿನಲ್ಲಿ ಸವರಿದ ಎಣ್ಣೆಯಿಂದಲೂ ಗರಿಗಳು ಗಾಢ ಕಂದು ಬಣ್ಣಕ್ಕೆ ತಿರುಗಿ ಅಕ್ಷರಗಳು ಗರಿಯೊಳಗೆ ಮುಳುಗಿಹೋಗಿದ್ದವು. ತಂಡವು ಅವಕೆಂಪು ಶೋಧಕವನ್ನು ಬಳಸಿ, ಪ್ರತಿ ಗರಿಯ ಎರಡೂ ಮಗ್ಗುಲುಗಳನ್ನು ಹಲವು ತುಂಡುಗಳಾಗಿ ಸೆರೆಹಿಡಿದು, ಸುಮಾರು 7,900 ಚಿತ್ರಗಳನ್ನು ಸಂಸ್ಕರಿಸಿ ಜೋಡಿಸಿತು.

ಆರ್ಕಿಮಿಡೀಸನಿಗೆ ನೇರಳಾತೀತ, ಉಡುಪಿಗೆ ಅವಕೆಂಪು ಎಂಬ ಆಯ್ಕೆ ಆಕಸ್ಮಿಕವಲ್ಲ. ಯುರೋಪಿನ ಮಧ್ಯಯುಗದ ಚರ್ಮಪತ್ರಗಳಲ್ಲಿ ಸಾಮಾನ್ಯವಾಗಿದ್ದ ಕಬ್ಬಿಣಾಂಶದ ಶಾಯಿ ಅವಕೆಂಪು ಕಿರಣಕ್ಕೆ ಪಾರದರ್ಶಕವಾಗುತ್ತ ಹೋಗುತ್ತದೆ. ಆ ಪದರದಲ್ಲಿ ಬರಹವೇ ಕಾಣೆಯಾಗುತ್ತದೆ. ನೇರಳಾತೀತದಲ್ಲಾದರೆ ಚರ್ಮಪತ್ರ ತಾನೇ ನೀಲಿಯಾಗಿ ಮಿನುಗುತ್ತದೆ, ಶಾಯಿ ಇದ್ದ ಎಡೆ ಮಂಕಾಗಿ ಉಳಿಯುತ್ತದೆ. ನಮ್ಮ ಓಲೆಗರಿಯ ಸ್ಥಿತಿ ಇದಕ್ಕೆ ವಿರುದ್ಧ. ಕಂಟದಿಂದ ಕೊರೆದ ಗೆರೆಯಲ್ಲಿ ತುಂಬಿರುವುದು ಕಾಡಿಗೆ ಅಥವಾ ಇದ್ದಿಲಿನ ಮಸಿ. ಇಂಗಾಲವು ಅವಕೆಂಪನ್ನೂ ಹೀರಿಕೊಂಡು ಕಪ್ಪಾಗಿಯೇ ಉಳಿಯುತ್ತದೆ. ಕಂದಿದ ಗರಿಯ ಬಣ್ಣವಾದರೋ ಆ ಪದರದಲ್ಲಿ ತಿಳಿಯಾಗುತ್ತದೆ. ಬರಿಗಣ್ಣಿಗೆ ಕಪ್ಪಿನ ಮೇಲೆ ಕಪ್ಪಾಗಿದ್ದ ಬರಹ ತಿಳಿಯ ಮೇಲೆ ಕಪ್ಪಾಗುತ್ತದೆ. ಆದರೆ ಮಸಿ ಹಚ್ಚದೆ ಬಿಟ್ಟ, ಅಥವಾ ಮಸಿ ತೊಳೆದುಹೋದ ಗರಿಗೆ ಈ ಉಪಾಯ ಫಲಿಸದು. ಅಲ್ಲಿರುವುದು ಬಣ್ಣವಲ್ಲ, ಕೊರೆತದ ಆಳ. ಅಂತಹ ಗರಿಗೆ ಓರೆಬೆಳಕನ್ನು ಬೇರೆ ಬೇರೆ ದಿಕ್ಕುಗಳಿಂದ ಬೀರಿ ತೆಗೆದ ಪದರಗಳೇ ಬೇಕು. ಲೋಹಶಾಸನ, ಶಿಲಾಶಾಸನಗಳಿಗೂ ಇದು ಸಲ್ಲುವ ಮಾತು. ಹಾಗೆಯೇ ಹಿಂದಿನಿಂದ ಬೆಳಕು ಹಾಯಿಸಿ ತೆಗೆದ ಒಂದು ಪದರವಿದ್ದರೆ ಮೊದಲಲ್ಲಿ ಹೇಳಿದ ಸೊನ್ನೆ ಮತ್ತು ರಂಧ್ರಗಳ ತಕರಾರು ಬಹುಮಟ್ಟಿಗೆ ತೀರುತ್ತದೆ: ರಂಧ್ರ ಅಲ್ಲಿ ಬೆಳಗುತ್ತದೆ, ಬಿಂದು ಬೆಳಗುವುದಿಲ್ಲ. ಯಾವ ಪದರಗಳು ಬೇಕೆಂಬುದನ್ನು ನಿರ್ಧರಿಸಬೇಕಾದವರು ಛಾಯಾಗ್ರಾಹಕರಲ್ಲ. ಪ್ರತಿಯ ಲೇಖನಸಾಮಗ್ರಿಯನ್ನು ಬಲ್ಲ ಹಸ್ತಪ್ರತಿ ವಿದ್ವಾಂಸರು. ನಮ್ಮ ಗಣಕೀಕರಣದ ಯೋಜನೆಗಳಲ್ಲಿ ಈ ಕ್ರಮ ಸಾಮಾನ್ಯವಾಗಿ ತಲೆಕೆಳಗಾಗಿರುವುದು ವಿಷಾದದ ಸಂಗತಿ.

4

ಪದರಗಳು ಕೈಸೇರಿದ ಮೇಲೆ ಲೈಬ್ರರಿಯ ಕೆಲಸ ಆರಂಭವಾಗುತ್ತದೆ. ಲಿಪಿಕಾರನ ಅಭ್ಯಾಸಗಳನ್ನು ಅರಿಯದೆ ಅವನ ಪ್ರತಿಯನ್ನು ನಂಬಬಾರದೆಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಅಕ್ಷರಸಾಮ್ಯದಿಂದ ಆಗುವ ತಪ್ಪು, ಕಣ್ಣು ಸಾಲು ಹಾರಿ ಆಗುವ ಲೋಪ, ಒಂದನ್ನೇ ಎರಡು ಬಾರಿ ಬರೆಯುವ ಪುನರಾವೃತ್ತಿ, ಇವೆಲ್ಲ ಸಂಪಾದಕನಿಗೆ ಪರಿಚಿತ. ಲೈಬ್ರರಿಯೂ ಒಬ್ಬ ಲಿಪಿಕಾರ, ಅವನಿಗೂ ಅಭ್ಯಾಸಗಳಿವೆ.

ಓಪನ್‌ಸಿವಿಯ ಒಂದು ಅಭ್ಯಾಸವೆಂದರೆ ಬಣ್ಣದ ಪದರಗಳನ್ನು ಕೆಂಪು, ಹಸಿರು, ನೀಲಿ ಎಂಬ ರೂಢಿಯ ಕ್ರಮದಲ್ಲಿಡದೆ ನೀಲಿ, ಹಸಿರು, ಕೆಂಪು ಎಂದು ಇಡುವುದು. ಅದು ರೂಪುಗೊಂಡ ಕಾಲದ ಕ್ಯಾಮೆರಾಗಳಲ್ಲಿ ಈ ಕ್ರಮ ಬಳಕೆಯಲ್ಲಿತ್ತು. ಬಳಕೆ ಹೋದರೂ ಕ್ರಮ ಉಳಿಯಿತು. ಅಲ್ಲಿ ತೆರೆದ ಬಿಂಬವನ್ನು ಬೇರೊಂದು ಲೈಬ್ರರಿಗೆ ಹಾಗೆಯೇ ಒಪ್ಪಿಸಿದರೆ ಕೆಂಪು ನೀಲಿಯಾಗುತ್ತದೆ. ಪರದೆಯ ಮೇಲೆ ನೀಲಿ ಕುಂಕುಮವನ್ನು ಕಂಡವರು ತಪ್ಪನ್ನು ಕೂಡಲೇ ಹಿಡಿಯುತ್ತಾರೆ. ಅಪಾಯವಿರುವುದು ತಪ್ಪು ಕಣ್ಣಿಗೆ ಬೀಳದೆಡೆಯಲ್ಲಿ. ಬಣ್ಣದ ಬಿಂಬವನ್ನು ಕಪ್ಪುಬಿಳುಪಿಗೆ ತರುವಾಗ ಮೂರು ಪದರಗಳನ್ನು ಸಮನಾಗಿ ಕೂಡಿಸುವುದಿಲ್ಲ, ಕೆಂಪಿಗೆ 0.299, ಹಸಿರಿಗೆ 0.587, ನೀಲಿಗೆ 0.114 ಎಂಬ ತೂಕ ಕೊಡುವುದು ಪ್ರಚಲಿತ ಪದ್ಧತಿ. ಕಾಗದದ ಪ್ರತಿಯೊಂದರಲ್ಲಿ ಪದ್ಯಸಂಖ್ಯೆಯನ್ನು ಬರೆದ ಕೆಂಪು ಶಾಯಿಯ ಪಿಕ್ಸೆಲ್ (180, 40, 40) ಎಂದಿಟ್ಟುಕೊಳ್ಳೋಣ. ಸರಿಯಾದ ಕ್ರಮದಲ್ಲಿ ಅದರ ಬೆಲೆ 82. ಕ್ರಮ ತಿರುವುಮುರುವಾದರೆ 56. ಫಲಿತಾಂಶ ಅಸಂಬದ್ಧವೇನೂ ಅಲ್ಲ, ಕೆಂಪು ಬರಹ ತುಸು ಹೆಚ್ಚು ಕಪ್ಪಾಗಿದೆ ಅಷ್ಟೆ. ಆದರೆ ಮೂಲದ ಕಪ್ಪು ಶಾಯಿಗೂ ಅದಕ್ಕೂ ಇದ್ದ ಅಂತರ ಕುಗ್ಗಿರುತ್ತದೆ. ಅನಂತರ ಸೇರಿಸಿದ ಅಂಕಿ ಯಾವುದು, ಮೂಲ ಲಿಪಿಕಾರನದು ಯಾವುದು ಎಂಬ ವಿವೇಚನೆಗೆ ಬೇಕಾದ ಕುರುಹು ಆ ಅಂತರದಲ್ಲೇ ಇತ್ತು.

ಎರಡನೆಯ ಅಭ್ಯಾಸ ಸಂಖ್ಯೆಗಳ ಎಲ್ಲೆಗೆ ಸಂಬಂಧಿಸಿದುದು. 0ಯಿಂದ 255ರವರೆಗೆ ಮಾತ್ರ ಜಾಗವಿರುವ ಮನೆಯಲ್ಲಿ 250ಕ್ಕೆ 10 ಕೂಡಿಸಿದರೆ ಓಪನ್‌ಸಿವಿಯ ಸಂಕಲನ ಕ್ರಿಯೆ 255ಕ್ಕೆ ನಿಲ್ಲುತ್ತದೆ. ನಂಪೈಯ ಸಂಕಲನ ಗಡಿಯಾರದ ಮುಳ್ಳಿನಂತೆ ಸುತ್ತಿ ಬಂದು 4 ಎಂದು ಹೇಳುತ್ತದೆ. ಕಲೆಯನ್ನು ತೆಗೆಯಲು ಒಂದು ಪದರದಿಂದ ಇನ್ನೊಂದನ್ನು ಕಳೆಯುವುದು ಹಸ್ತಪ್ರತಿ ಬಿಂಬಗಳಲ್ಲಿ ಸಾಮಾನ್ಯ. ಖಾಲಿ ಗರಿಯ ಒಂದು ಪಿಕ್ಸೆಲ್ ಅವಕೆಂಪು ಪದರದಲ್ಲಿ 118, ಕೆಂಪು ಪದರದಲ್ಲಿ 120 ಇದ್ದರೆ ವ್ಯತ್ಯಾಸ ಋಣ 2. ಓಪನ್‌ಸಿವಿ ಅದನ್ನು 0 ಮಾಡುತ್ತದೆ, ನಂಪೈ 254 ಮಾಡುತ್ತದೆ. ಪಕ್ಕದ ಪಿಕ್ಸೆಲ್‌ನಲ್ಲಿ ವ್ಯತ್ಯಾಸ ಧನ 2 ಇದ್ದರೆ ಎರಡೂ ಕಡೆ 2. ಎಂದರೆ, ಗರಿಯಲ್ಲಿ ಹೆಚ್ಚುಕಡಿಮೆ ಸಮನಾಗಿದ್ದ ಎರಡು ಬಿಂದುಗಳು ನಂಪೈಯಲ್ಲಿ 254 ಮತ್ತು 2 ಆಗಿ ಬಿಳುಪು ಕಪ್ಪುಗಳ ಎರಡು ತುದಿಗಳಿಗೆ ಹೋಗಿ ನಿಲ್ಲುತ್ತವೆ. ಇಂತಹ ನಾಲ್ಕಾರು ಪಿಕ್ಸೆಲ್‌ಗಳು ಒಂದೆಡೆ ಸೇರಿದರೆ ‘ಅರಸನ’ ಪಕ್ಕದಲ್ಲಿ ಇಲ್ಲದ ಸೊನ್ನೆ ಮೂಡುವುದಕ್ಕೆ ಅಷ್ಟೇ ಸಾಕು. ಕಳೆಯುವ ಮೊದಲು ಸಂಖ್ಯೆಗಳನ್ನು ಋಣಬೆಲೆಗೂ ದಶಾಂಶಕ್ಕೂ ಎಡೆಯಿರುವ ರೂಪಕ್ಕೆ ಬದಲಾಯಿಸಿಕೊಂಡರೆ ಈ ಅನರ್ಥ ತಪ್ಪುತ್ತದೆ. ಒಂದೇ ಸಾಲಿನ ಆದೇಶ. ಆದರೆ ಅದನ್ನು ಬರೆಯಲಾಗಿದೆಯೇ ಎಂಬುದು ಅಚ್ಚಾದ ಚಿತ್ರವನ್ನು ನೋಡುವವರಿಗೆ ತಿಳಿಯುವುದಿಲ್ಲ.

ಇದಕ್ಕಿಂತ ಮೌನವಾದ ನಷ್ಟ ಬಿಂಬವನ್ನು ತೆರೆಯುವಾಗಲೇ ಸಂಭವಿಸುತ್ತದೆ. ವೈಜ್ಞಾನಿಕ ಕ್ಯಾಮೆರಾಗಳು ಪ್ರತಿ ಪಿಕ್ಸೆಲ್ ಅನ್ನು 0ಯಿಂದ 65,535ರವರೆಗಿನ ಅಳತೆಯಲ್ಲಿ ಟಿಫ್ ಕಡತದಲ್ಲಿ ಉಳಿಸಬಲ್ಲವು. ವಿಶೇಷ ಸೂಚನೆ ಕೊಡದಿದ್ದರೆ ಓಪನ್‌ಸಿವಿ ಅಂತಹ ಕಡತವನ್ನು ಓದುವಾಗ 256 ಹಂತಗಳ, ಮೂರು ಪದರಗಳ ಬಿಂಬವನ್ನಾಗಿ ಮಾಡಿಬಿಡುತ್ತದೆ. ಮೂಲದ 256 ಹಂತಗಳು ಒಂದೇ ಹಂತವಾಗುತ್ತವೆ. ಮಾಸಿದ ಗೆರೆ 20,100, ಅದರ ಸುತ್ತಲಿನ ಗರಿ 20,200 ಇದ್ದರೆ ಎರಡೂ ಒಂದೇ ಸಂಖ್ಯೆಯಾಗಿ ಗೆರೆ ಇಲ್ಲವಾಗುತ್ತದೆ. ಆ ಮೇಲೆ ಎಷ್ಟೇ ಉಜ್ಜಿದರೂ ಅದು ಮರಳಿ ಬಾರದು. ಕ್ಯಾಮೆರಾ ಕಂಡಿತ್ತು, ಓದುಗನಿಗೆ ತಲುಪಲಿಲ್ಲ. ಸಂಪಾದಕ ಅಲ್ಲಿ ‘ಗ್ರಂಥಪಾತ’ ಎಂದು ಗುರುತು ಹಾಕುತ್ತಾನೆ.

ಜೆಪೆಗ್ ಕಡತದ ದೋಷ ಎಲ್ಲರಿಗೂ ತಿಳಿದದ್ದೆಂದು ಭಾವಿಸಲಾಗುತ್ತದೆ. ಅದು ಚಿತ್ರವನ್ನು 8 ಪಿಕ್ಸೆಲ್ ಚದರದ ತುಂಡುಗಳನ್ನಾಗಿ ಮಾಡಿ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ ಎಂಬುದು ನಿಜ. ಆದರೆ ಬಹುಪದರ ಬಿಂಬಗಳಿಗೆ ಅದರಿಂದಾಗುವ ಹಾನಿ ಬೇರೆ ಬಗೆಯದು. ಕಣ್ಣು ಹೊಳಪನ್ನು ಗುರುತಿಸುವಷ್ಟು ಸೂಕ್ಷ್ಮವಾಗಿ ಬಣ್ಣವನ್ನು ಗುರುತಿಸಲಾರದೆಂಬ ಕಾರಣದಿಂದ ಜೆಪೆಗ್ ಹೊಳಪನ್ನೂ ಬಣ್ಣವನ್ನೂ ಬೇರ್ಪಡಿಸಿ, ಬಣ್ಣದ ಅಂಶವನ್ನು ಸಾಮಾನ್ಯವಾಗಿ ಉದ್ದಗಲಗಳೆರಡರಲ್ಲೂ ಅರ್ಧಕ್ಕಿಳಿಸಿ ಉಳಿಸುತ್ತದೆ. ಕುಟುಂಬದ ಭಾವಚಿತ್ರಕ್ಕೆ ಇದರಿಂದ ಬಾಧಕವಿಲ್ಲ. ಆದರೆ ನಾಕ್ಸ್‌ನ ಬಿಂಬದಂತಹುದರಲ್ಲಿ ಮೇಲಿನ ಮತ್ತು ಅಡಿಯ ಬರಹಗಳ ಭೇದವೆಲ್ಲ ಬಣ್ಣದಲ್ಲೇ ಇದೆ. ಅಲ್ಲಿ ಜೆಪೆಗ್ ಕತ್ತರಿಸುವುದು ಪಾಠವನ್ನೇ.

5

ಚುಕ್ಕೆಚುಕ್ಕೆಯಾದ ಕಲೆಗಳನ್ನು ನಿವಾರಿಸಲು ಬಳಸುವ ಮಧ್ಯಮಬೆಲೆಯ ಶೋಧಕದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಗ್ರಂಥಸಂಪಾದನೆಯ ಮೂಲಸಮಸ್ಯೆಯೊಂದನ್ನು ಅದು ಅನಿರೀಕ್ಷಿತವಾಗಿ ನೆನಪಿಸುತ್ತದೆ. ಈ ಶೋಧಕ ಒಂದು ಪಿಕ್ಸೆಲ್‌ನ ನೆರೆಹೊರೆಯ ಬೆಲೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ನಡುವಿನದನ್ನು ಆರಿಸುತ್ತದೆ. ಒಂದೇ ಪದರವಿದ್ದಾಗ ಆರಿಸಿದ ಬೆಲೆ ನೆರೆಹೊರೆಯಲ್ಲಿ ನಿಜವಾಗಿಯೂ ಇರುವಂತಹದೇ. ಪದರಗಳು ಹಲವಾದಾಗ ‘ನಡುವಿನದು’ ಎಂದರೇನು ಎಂಬ ಪ್ರಶ್ನೆ ಏಳುತ್ತದೆ. ಸಂಖ್ಯೆಗಳಿಗೆ ಏರಿಕೆಯ ಕ್ರಮವುಂಟು, ಸಂಖ್ಯೆಗಳ ಸಾಲುಗಳಿಗೆ ಸಹಜವಾದ ಕ್ರಮವಿಲ್ಲ. ಓಪನ್‌ಸಿವಿ ಈ ಪ್ರಶ್ನೆಗೆ ಸುಲಭದ ಉತ್ತರ ಕೊಡುತ್ತದೆ: ಪ್ರತಿ ಪದರವನ್ನೂ ಪ್ರತ್ಯೇಕವಾಗಿ ಶೋಧಿಸಿ ಒಟ್ಟುಗೂಡಿಸುತ್ತದೆ.

ಪರಿಣಾಮವನ್ನು ನೋಡಬಹುದು. ಕೃತಕವರ್ಣದ ಬಿಂಬವೊಂದರಲ್ಲಿ ಮೂರು ಪಿಕ್ಸೆಲ್‌ಗಳು (200, 40, 40), (40, 200, 40), (40, 40, 200) ಇವೆಯೆನ್ನೋಣ. ಒಂದು ಕೆಂಪು, ಒಂದು ಹಸಿರು, ಒಂದು ನೀಲಿ. ಮೊದಲ ಪದರದ ಬೆಲೆಗಳು 200, 40, 40, ನಡುವಿನದು 40. ಎರಡನೆಯದರಲ್ಲೂ 40, ಮೂರನೆಯದರಲ್ಲೂ 40. ಫಲಿತಾಂಶ (40, 40, 40), ಎಂದರೆ ಕಪ್ಪಿಗೆ ಸಮೀಪದ ಬೂದು. ಮೂರು ಸಾಕ್ಷಿಗಳಲ್ಲಿ ಒಬ್ಬನೂ ಹೇಳದ ಮಾತು ತೀರ್ಪಿನಲ್ಲಿ ಬಂದಿದೆ. ಕಪ್ಪು ಎಂದರೆ ಮಸಿ ಎಂದು ಓದಲು ಅಭ್ಯಾಸವಾದ ಕಣ್ಣು ಅದನ್ನು ಅಕ್ಷರದ ಭಾಗವಾಗಿ ಗ್ರಹಿಸುತ್ತದೆ.

ಮೂರು ಪ್ರತಿಗಳ ಆಧಾರದಿಂದ ಒಂದು ಪದ್ಯವನ್ನು ಸಂಪಾದಿಸುವಾಗ ಪ್ರತಿ ಪದಕ್ಕೂ ಬೇರೆ ಬೇರೆಯಾಗಿ ಬಹುಮತವನ್ನು ಎಣಿಸುತ್ತ ಹೋದರೆ ಯಾವ ಪ್ರತಿಯಲ್ಲೂ ಇಲ್ಲದ ಪದ್ಯವೊಂದು ಸಿದ್ಧವಾಗಬಹುದೆಂಬುದು ಸಂಪಾದಕರಿಗೆ ಹೊಸತಲ್ಲ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಮೂವರು ಲಿಪಿಕಾರರು ಪರಸ್ಪರ ಸಂಬಂಧವಿಲ್ಲದೆ ಒಬ್ಬೊಬ್ಬರು ಒಂದೊಂದೆಡೆ ತಪ್ಪಿದ್ದರೆ ಹಾಗೆ ಸಿದ್ಧವಾದ ಪದ್ಯವೇ ಮೂಲಪಾಠವಾಗಿರಲು ಸಾಧ್ಯ. ಏಕೆಂದರೆ ಮೂವರ ಹಿಂದೆಯೂ ಒಂದು ಮೂಲವುಂಟು. ಅಕ್ಕಪಕ್ಕದ ಪಿಕ್ಸೆಲ್‌ಗಳ ಹಿಂದೆ ಅಂತಹ ಮೂಲವಿಲ್ಲ. ಅವು ಗರಿಯ ಬೇರೆ ಬೇರೆ ಬಿಂದುಗಳು. ಒಂದೇ ಬಿಂದುವಿನ ನಕಲುಗಳಲ್ಲ. ಹಾಗಾಗಿ ಪಠ್ಯದಲ್ಲಿ ಕೆಲವೊಮ್ಮೆ ಸಮರ್ಥನೀಯವಾದ ಕ್ರಮ ಬಿಂಬದಲ್ಲಿ ಸಮರ್ಥನೀಯವಲ್ಲ. ಮೇಲಾಗಿ ಸಂಪಾದಕ ತನ್ನ ಮಿಶ್ರಪಾಠವನ್ನು ಅಡಿಟಿಪ್ಪಣಿಯಲ್ಲಿ ಒಪ್ಪಿಕೊಳ್ಳುತ್ತಾನೆ, ಲೈಬ್ರರಿ ಒಪ್ಪಿಕೊಳ್ಳುವುದಿಲ್ಲ.

ಇದಕ್ಕೆ ಪರಿಹಾರವೂ ಹಳೆಯದೇ. ಅಸ್ಟೋಲ, ಹಾವಿಸ್ತೊ ಮತ್ತು ನ್ಯೂವೊ ಎಂಬ ಫಿನ್ಲೆಂಡಿನ ವಿದ್ವಾಂಸರು 1990ರಲ್ಲಿ ಪ್ರಕಟಿಸಿದ ವಿಧಾನ ಪಿಕ್ಸೆಲ್ ಅನ್ನು ಒಡೆಯುವುದಿಲ್ಲ. ಉಳಿದೆಲ್ಲ ನೆರೆಯವುಗಳಿಂದ ಒಟ್ಟು ದೂರ ಅತ್ಯಂತ ಕಡಿಮೆಯಿರುವ ಪಿಕ್ಸೆಲ್ ಯಾವುದೋ ಅದನ್ನು ಇಡಿಯಾಗಿ ಆರಿಸುತ್ತದೆ. ಫಲಿತಾಂಶ ಸರಿಯಿರಲಿ, ತಪ್ಪಿರಲಿ, ಬಿಂಬದಲ್ಲಿ ಇದ್ದದ್ದೇ ಆಗಿರುತ್ತದೆ. ಒಂದು ಉತ್ತಮ ಪ್ರತಿಯನ್ನು ಹಿಡಿದು ನಡೆಯುವ ಸಂಪಾದನಾ ಕ್ರಮಕ್ಕೆ ಇದು ಹತ್ತಿರವಾದುದು. ವೇಗ ಕಡಿಮೆ ಎಂಬುದು ಇದರ ಮೇಲಿನ ಆಕ್ಷೇಪ. ಒಂದು ಕಟ್ಟನ್ನು ಓದಲು ವರ್ಷಗಳನ್ನು ಕೊಡುವ ಶಾಸ್ತ್ರಕ್ಕೆ ಆ ಆಕ್ಷೇಪ ದೊಡ್ಡದಾಗಬಾರದು.

ಪದರಗಳ ಹೊಂದಾಣಿಕೆಯ ಪ್ರಶ್ನೆಯನ್ನು ಸಂಕ್ಷೇಪವಾಗಿ ನೋಡಬಹುದು. ಪದರಗಳನ್ನು ಒಂದಾದ ಮೇಲೊಂದರಂತೆ ತೆಗೆಯುವಾಗ ಗರಿ ದೀಪದ ಕಾವಿಗೆ ತುಸು ಸುರುಳಿಕೊಳ್ಳುತ್ತದೆ. ತರಂಗಾಂತರ ಬದಲಾದಂತೆ ಮಸೂರದ ನಾಭಿಯೂ ಸ್ವಲ್ಪ ಸರಿಯುತ್ತದೆ. ಒಂದೆರಡು ಪಿಕ್ಸೆಲ್‌ಗಳ ಸ್ಥಾನಪಲ್ಲಟವನ್ನು ಸರಿಪಡಿಸದೆ ಪದರಗಳನ್ನು ಕಳೆದರೆ ಪ್ರತಿ ಗೆರೆಗೂ ಒಂದು ನೆರಳುಗೆರೆ ಹುಟ್ಟುತ್ತದೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ ಒಂದು ಸಣ್ಣ ಸೀಳಿನಲ್ಲಿ ಅಡಗಿರುವ ನಮ್ಮ ಲಿಪಿಗೆ ನೆರಳುಗೆರೆ ಅಲ್ಪವಿಷಯವಲ್ಲ. ಉದ್ದನೆಯ ಗರಿಯನ್ನು ತುಂಡುತುಂಡಾಗಿ ತೆಗೆದು ಜೋಡಿಸಿದಾಗ ಬೆಸುಗೆ ಅಕ್ಷರದ ನಡುವೆ ಬಿದ್ದಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು.

ಪದರಗಳು ಹತ್ತನ್ನು ಮೀರಿದಾಗ ಪ್ರಧಾನ ಘಟಕಗಳ ವಿಶ್ಲೇಷಣೆ ಎಂಬ ಸಂಖ್ಯಾಶಾಸ್ತ್ರೀಯ ಕ್ರಮವನ್ನು ಆಶ್ರಯಿಸುವುದುಂಟು. ಕಾರ್ಲ್ ಪಿಯರ್ಸನ್ 1901ರಲ್ಲಿ ಸೂಚಿಸಿ, ಹೋಟೆಲಿಂಗ್ 1933ರಲ್ಲಿ ಬೆಳೆಸಿದ ಈ ಕ್ರಮ ಹನ್ನೆರಡು ಪದರಗಳಿಂದ ಹನ್ನೆರಡು ಹೊಸ ಪದರಗಳನ್ನು ಕಟ್ಟಿ, ಅವುಗಳನ್ನು ಬೆಲೆಗಳ ಏರಿಳಿತ ಹೆಚ್ಚಿರುವ ಕ್ರಮದಲ್ಲಿ ಇಡುತ್ತದೆ. ಹೆಚ್ಚಿನ ಏರಿಳಿತ ಸಾಮಾನ್ಯವಾಗಿ ಬೆಳಕಿನ ಅಸಮತೆಯದು ಅಥವಾ ಕಲೆಯದು. ಮಾಸಿದ ಬರಹ ಎಷ್ಟೋ ವೇಳೆ ಮೂರನೆಯದೋ ನಾಲ್ಕನೆಯದೋ ಘಟಕದಲ್ಲಿ ತಲೆಯೆತ್ತುತ್ತದೆ. ಎರಡು ಸಂಗತಿಗಳನ್ನು ಮರೆಯಲಾಗದು. ಘಟಕದ ಧನಋಣ ಚಿಹ್ನೆ ಯಾದೃಚ್ಛಿಕವಾದುದರಿಂದ ಒಂದು ಬಾರಿ ಕಪ್ಪಾಗಿ ಬಂದ ಬರಹ ಇನ್ನೊಂದು ಬಾರಿ ಬಿಳಿಯಾಗಿ ಬರಬಹುದು. ಮತ್ತು ಗರಿಯ ಯಾವ ಭಾಗವನ್ನು ಆಯ್ದು ಲೆಕ್ಕ ಹಾಕಲಾಯಿತೆಂಬುದರ ಮೇಲೆ ಫಲಿತಾಂಶವೇ ಬದಲಾಗುತ್ತದೆ. ಇಬ್ಬರು ವಿದ್ವಾಂಸರು ಒಂದೇ ಗರಿಯಿಂದ ಎರಡು ಬಿಂಬಗಳನ್ನು ಪಡೆದು ಎರಡು ಪಾಠಗಳಿಗಾಗಿ ವಾದಿಸುವ ಸಂದರ್ಭವನ್ನು ಊಹಿಸಿಕೊಳ್ಳುವುದು ಕಷ್ಟವೇನಲ್ಲ.

6

ಸಂಪಾದಿತ ಕೃತಿಯ ಪ್ರಸ್ತಾವನೆಯಲ್ಲಿ ಪ್ರತಿಗಳ ವರ್ಣನೆ ಕೊಡುವುದು ರೂಢಿ: ಗರಿಗಳ ಸಂಖ್ಯೆ, ಅಳತೆ, ಸಾಲುಗಳು, ಲಿಪಿಕಾಲ, ಎಲ್ಲಿಂದ ದೊರೆಯಿತು ಇತ್ಯಾದಿ. ಬಿಂಬದಿಂದ ಪಾಠವನ್ನು ಓದಿದ್ದರೆ ಬಿಂಬದ ವರ್ಣನೆಯೂ ಅಲ್ಲಿರಬೇಕಾದುದು ನ್ಯಾಯ. ಯಾವ ಬೆಳಕಿನಲ್ಲಿ ಎಷ್ಟು ಪದರಗಳನ್ನು ತೆಗೆಯಲಾಯಿತು, ಎಷ್ಟು ಹಂತಗಳ ಅಳತೆ, ಯಾವ ಲೈಬ್ರರಿಯ ಯಾವ ಆವೃತ್ತಿ, ಯಾವ ಕ್ರಿಯೆಗಳು, ಯಾವ ಅನುಕ್ರಮದಲ್ಲಿ ಎಂಬಷ್ಟನ್ನು ಅರ್ಧ ಪುಟದಲ್ಲಿ ಹೇಳಬಹುದು. ಅಡಿಟಿಪ್ಪಣಿಯಲ್ಲಿಯೂ ಒಂದು ಭೇದವನ್ನು ಪಾಲಿಸುವುದು ಅಗತ್ಯ. ‘ಅವಕೆಂಪು ಪದರದಲ್ಲಿ ಮಾತ್ರ ಸ್ಪಷ್ಟ’ ಎಂಬುದು ಒಂದು ಬಗೆಯ ಸಾಕ್ಷ್ಯ. ಅಲ್ಲಿ ಗರಿಯನ್ನು ಬೇರೊಂದು ಬೆಳಕಿನಲ್ಲಿ ನೋಡಲಾಗಿದೆ, ಅಷ್ಟೆ. ಬೇಕೆಂದವರು ಮತ್ತೆ ನೋಡಬಹುದು. ‘ಪದರಗಳ ವ್ಯತ್ಯಾಸದಿಂದ ಪಡೆದ ಬಿಂಬದಲ್ಲಿ ಮಾತ್ರ ಕಾಣುತ್ತದೆ’ ಎಂಬುದು ಇನ್ನೊಂದು ಬಗೆಯದು. ಅದು ಗಣಿತದ ಮೂಲಕ ಬಂದ ಪಾಠ. ಊಹಾಪಾಠಕ್ಕಿಂತ ಗಟ್ಟಿ, ಪ್ರತ್ಯಕ್ಷಪಾಠಕ್ಕಿಂತ ಸಡಿಲ. ಎರಡನ್ನೂ ಒಂದೇ ಸಂಕೇತದಿಂದ ಸೂಚಿಸುವುದು ಸರಿಯಲ್ಲ. ಆವರಣಚಿಹ್ನೆಗಳಿಂದ ಸಂಪಾದಕರು ಈಗಾಗಲೇ ಪೂರಿತಪಾಠವನ್ನು ಬೇರ್ಪಡಿಸುತ್ತಿರುವುದರಿಂದ, ಇದಕ್ಕೆ ಇನ್ನೊಂದು ಚಿಹ್ನೆಯನ್ನು ಗೊತ್ತುಮಾಡಿಕೊಳ್ಳುವುದು ದೊಡ್ಡ ಶ್ರಮವಾಗದು.

ಇಷ್ಟೆಲ್ಲ ಸಾಧ್ಯವಾಗುವುದು ಮೂಲ ಪದರಗಳು ಉಳಿದಿದ್ದರೆ ಮಾತ್ರ. ಆರ್ಕಿಮಿಡೀಸ್ ಪ್ರತಿಯ ಬಿಂಬಗಳನ್ನು 2008ರ ಅಕ್ಟೋಬರ್ 29ರಂದು ಸಾರ್ವಜನಿಕವಾಗಿ ಬಿಡುಗಡೆ ಮಾಡಿದಾಗ ಸಂಸ್ಕರಿಸಿದ ಚಿತ್ರಗಳೊಂದಿಗೆ ಸಂಸ್ಕರಿಸದ ಪದರಗಳನ್ನೂ, ಅವುಗಳನ್ನು ತೆಗೆದ ಬಗೆಯ ವಿವರಗಳನ್ನೂ ಸೇರಿಸಲಾಗಿತ್ತು. ಹೀಗಾಗಿ ಆ ಯೋಜನೆಗೆ ಸಂಬಂಧಪಡದವರೂ ತಮ್ಮದೇ ಕ್ರಮದಿಂದ ಪದರಗಳನ್ನು ಕೂಡಿಸಿ ಪಾಠವನ್ನು ಪರೀಕ್ಷಿಸಲು ಸಾಧ್ಯವಾಯಿತು. ನಮ್ಮಲ್ಲಿ ಸಂಶೋಧಕರ ಕೈಗೆ ಸಾಮಾನ್ಯವಾಗಿ ಬರುವುದು ಅಡಕಮುದ್ರಿಕೆಯಲ್ಲೋ ಪೆನ್‌ಡ್ರೈವಿನಲ್ಲೋ ತುಂಬಿಸಿಕೊಟ್ಟ ಜೆಪೆಗ್ ಚಿತ್ರಗಳು; ಅಂಚನ್ನು ಕತ್ತರಿಸಿ, ಹೊಳಪನ್ನು ಹೆಚ್ಚಿಸಿ ‘ಸ್ವಚ್ಛ’ಗೊಳಿಸಿದವು. ಭಂಡಾರದಲ್ಲಿ ಮೂಲ ಕಡತ ಉಳಿದಿದೆಯೇ, ಉಳಿದಿದ್ದರೆ ಅದನ್ನು ಹೆಸರಿಸಿ ಕೇಳುವುದು ಹೇಗೆ ಎಂಬುದು ಕೇಳುವವರಿಗೂ ಕೊಡುವವರಿಗೂ ತಿಳಿದಿರುವುದಿಲ್ಲ. ಹಸ್ತಪ್ರತಿ ಸೂಚಿಗಳಲ್ಲಿ ಪ್ರತಿಯ ಕ್ರಮಸಂಖ್ಯೆಯ ಪಕ್ಕದಲ್ಲಿ ಅದರ ಸಂಸ್ಕರಿಸದ ಬಿಂಬದ ಕ್ರಮಸಂಖ್ಯೆಗೂ ಒಂದು ಅಂಕಣವನ್ನು ತೆರೆದಿಡುವುದರಿಂದ ಈ ಕೆಲಸ ಆರಂಭವಾಗಬಹುದು.